ಫ್ಯಾನ್ ಇರುವ ಸೌದೆ ಒಲೆ: ಉರಿಗೆ ಪೂರ್ತಿ ಮಾರ್ಕ್ಸ್, ಫ್ಯಾನಿಗೆ ಪಾಸ್ ಮಾರ್ಕ್ಸೂ ಇಲ್ಲ

ಎರಡು ಮಳೆಗಾಲ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಎತ್ತರ, ತೂಕ, ಬ್ಯಾಟರಿ ಎಲ್ಲ ಮಾರುವವರ ಪುಟದಲ್ಲೇ ಇದೆ, ಅದನ್ನು ಬಿಡಿ.

ನಮ್ಮದು ಮಂಡ್ಯದಲ್ಲಿ ಹಿತ್ತಲಿರುವ ಹಳೇ ಮನೆ. ಗ್ಯಾಸ್ ಇದೆ. ಆದರೆ ದಿನಾ ಮುದ್ದೆ ಆಗಬೇಕು, ಅವರೆಕಾಯಿ ಕಾಲದಲ್ಲಿ ಸಾರು ಗಂಟೆಗಟ್ಟಲೆ ಕುದಿಯಬೇಕು. ಸಿಲಿಂಡರ್ ತಿಂಗಳಿಗೆ ಮುಂಚೆಯೇ ಕೈಕೊಡುತ್ತಿತ್ತು. ತೆಂಗಿನ ಕರಟ ಹಿತ್ತಲಲ್ಲಿ ಸುಮ್ನೆ ಬಿದ್ದಿರುತ್ತದೆ. ಊರಿನಿಂದ ಭಾವಮೈದ ಹಿಪ್ಪುನೇರಳೆ ಕಡ್ಡಿ ಹೊರೆ ಕಟ್ಟಿ ತಂದು ಹಾಕುತ್ತಾನೆ, ರೇಷ್ಮೆ ಹುಳ ಸೊಪ್ಪು ತಿಂದು ಬಿಟ್ಟದ್ದು. ಹಾಗಾಗಿ ಸೌದೆಗೆ ನನ್ನ ಕೈಯಿಂದ ಕಾಸು ಬಿಚ್ಚುವುದಿಲ್ಲ. ದುಡ್ಡು ಕೊಟ್ಟು ಸೌದೆ ತರುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ.

ಮೊದಲು ಖುಷಿಯ ವಿಷಯ. ಒಲೆಯ ಬುಡದಲ್ಲಿರುವ ಪುಟ್ಟ ಫ್ಯಾನ್ ಗಾಳಿಯನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ಸೌದೆಯ ಕೆಳಗಿನಿಂದ, ಇನ್ನೊಂದು ಒಲೆಯ ಬಾಯಿಯ ಸುತ್ತ ಇರುವ ತೂತುಗಳಿಂದ. ಸೌದೆಯಿಂದ ಏಳುವ ಹೊಗೆಗೆ ಅಲ್ಲಿ ಗಾಳಿ ಸಿಕ್ಕಿ ಹೊತ್ತಿಕೊಳ್ಳುತ್ತದೆ. ನಮ್ಮ ಕಣ್ಣು ಉರಿಸಬೇಕಿದ್ದ ಹೊಗೆ ಪಾತ್ರೆ ಕೆಳಗೆ ತಾನೇ ಉರಿದುಹೋಗುತ್ತದೆ. ಊದುಕೊಳವೆಗೆ ಕೆಲಸವೇ ಇಲ್ಲ.

ಹಚ್ಚುವುದಕ್ಕೂ ಒಂದು ಕ್ರಮವಿದೆ. ಕಡ್ಡಿಯನ್ನು ಬೆರಳುದ್ದ ಮುರಿದು, ಮೇಲಿನ ತೂತುಗಳಿಗಿಂತ ಸ್ವಲ್ಪ ಕೆಳಗಿನವರೆಗೆ ತುಂಬುತ್ತೇನೆ. ಮೇಲೆ ಒಂದು ಹಿಡಿ ತೆಂಗಿನ ನಾರು, ಅದರ ನಡುವೆ ಒಂದು ಬಿಲ್ಲೆ ಕರ್ಪೂರ. ಬೆಂಕಿ ಮೇಲಿನಿಂದಲೇ. ಬುಡಕ್ಕೆ ಹಚ್ಚಿದರೆ ಮನೆ ತುಂಬ ಹೊಗೆ. ಮೊದಲು ಫ್ಯಾನ್ ಸಣ್ಣಗೆ, ಕಡ್ಡಿ ಚಟಪಟ ಅನ್ನಲು ಶುರುವಾದ ಮೇಲೆ ಜೋರು. ಸ್ವಲ್ಪ ಹೊತ್ತಿಗೆ ತೂತು ತೂತಿನಿಂದಲೂ ಒಂದೊಂದು ನಾಲಿಗೆ ಒಳಮುಖವಾಗಿ ಚಾಚುತ್ತದೆ. ಅದನ್ನು ನೋಡಲೆಂದೇ ನಾನು ಎಸರು ಇಡುವುದನ್ನು ತಡ ಮಾಡುತ್ತೇನೆ ಅಂತ ಮನೆಯಲ್ಲಿ ಬೈಗುಳ.

ಮುದ್ದೆಗಂತೂ ಹೇಳಿ ಮಾಡಿಸಿದ ಒಲೆ. ಎಸರು ಕುದಿಯುವವರೆಗೆ ಜೋರು ಉರಿ. ಹಿಟ್ಟು ಸುರಿಯುವ ಸ್ವಲ್ಪ ಮುಂಚೆಯೇ ನಾಬ್ ಇಳಿಸಬೇಕು, ಏಕೆಂದರೆ ಗ್ಯಾಸಿನ ಹಾಗೆ ಇದು ತಕ್ಷಣ ತಗ್ಗುವುದಿಲ್ಲ. ಆ ಹೊತ್ತಿಗೆ ಸೌದೆ ಕೆಂಡವಾಗಿರುತ್ತದೆ, ಹಿಟ್ಟು ಬೇಯಲು ಅದೇ ಹದ. ತೊಳಸುವುದು ಮಾತ್ರ ಪಾತ್ರೆ ಕೆಳಗಿಳಿಸಿಯೇ. ಒಲೆ ಹಗುರ, ಕೋಲಿನ ಒತ್ತಡ ತಡೆಯುವುದಿಲ್ಲ.

ಇನ್ನು ಫ್ಯಾನಿನ ಕಥೆ. ಮೊದಲ ಮಳೆಗಾಲದಲ್ಲೇ ಗರಗರ ಅಂದಿತು, ಆಮೇಲೆ ನಿಂತೇಹೋಯಿತು. ಫ್ಯಾನ್ ಇಲ್ಲದ ಈ ಒಲೆ ಬರೀ ಹೊಗೆಗೂಡು. ಸರ್ವೀಸಿನವರಿಗೆ ಫೋನ್ ಮಾಡಿದರೆ ‘ಫ್ಯಾನ್ ಒಂದೇ ಸಿಗಲ್ಲ ಸಾರ್, ಬ್ಯಾಟರಿ ಸಮೇತ ಪೂರ್ತಿ ಸೆಟ್ ತಗೋಬೇಕು’ ಅಂದರು. ಆ ದುಡ್ಡಿಗೆ ಒಲೆಯೇ ಅರ್ಧ ಬರುತ್ತಿತ್ತು. ಪೇಟೆಬೀದಿಯ ರೇಡಿಯೋ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ, ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಕೂರಿಸಿಕೊಟ್ಟರು. ಕಾರಣವನ್ನೂ ಅವರೇ ಹೇಳಿದರು: ಅಡುಗೆ ಮುಗಿದ ಕೂಡಲೇ ಫ್ಯಾನ್ ಆರಿಸಿದರೆ ಕೆಂಡದ ಕಾವು ಕೆಳಗಿಳಿದು ಫ್ಯಾನಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಒಲೆ ಆರುವವರೆಗೂ ಸಣ್ಣಗೆ ಓಡುತ್ತಿರಲಿ. ಇಷ್ಟು ಮುಖ್ಯವಾದ ಮಾತು ಒಲೆ ಜೊತೆ ಬಂದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ‘ಮಕ್ಕಳನ್ನು ದೂರವಿಡಿ’ ಅಂತ ಮಾತ್ರ ಪುಟಗಟ್ಟಲೆ ಇದೆ, ಅದೂ ಇಂಗ್ಲಿಷು, ಹಿಂದಿಯಲ್ಲಿ. ಕರ್ನಾಟಕದಲ್ಲಿ ಮಾರುವಾಗ ಕನ್ನಡದಲ್ಲಿ ಒಂದು ಹಾಳೆ ಹಾಕಲು ಏನು ಕಷ್ಟ?

ಹಾಗೆ ನೋಡಿದರೆ ನಮ್ಮ ಅಜ್ಜಿ ಮನೆಯ ಅಸ್ತ್ರ ಒಲೆಗೆ ಕೆಡುವಂಥದ್ದೇ ಏನೂ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಮೂರು ಕಣ್ಣಿನ ಮಣ್ಣಿನ ಒಲೆ, ಗೋಡೆಗೊಂದು ಚಿಮಣಿ. ವರ್ಷಕ್ಕೆರಡು ಸಲ ಚಿಮಣಿಯ ಮಸಿ ತೆಗೆದರೆ ಮುಗಿಯಿತು. ಆದರೆ ಅದನ್ನು ಎತ್ತಿ ಹಿತ್ತಲಿಗೆ ಇಡಲಾಗುವುದಿಲ್ಲ ಅನ್ನಿ.

ಹೊಸ ಫ್ಯಾನ್ ಬಂದ ಮೇಲೆ ಸಿಟ್ಟು ಇಳಿದಿದೆ. ಈಗ ನನ್ನ ಗಮನವೆಲ್ಲ ಸೌದೆ ಮೇಲೆ. ಹಸಿ ಸೌದೆಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರೇ. ಅದು ನೂರಕ್ಕೆ 20ಕ್ಕಿಂತ ಕೆಳಗಿಳಿಯದೆ ಯಾವ ಒಲೆಯೂ ಚೆನ್ನಾಗಿ ಉರಿಯುವುದಿಲ್ಲ. ಅದಕ್ಕೇ ಒಂದು ದಪ್ಪ ಕಡ್ಡಿಗೆ ಕೆಂಪು ದಾರ ಕಟ್ಟಿ ಹೊರೆಯೊಳಗೆ ಇಟ್ಟಿದ್ದೇನೆ. ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಗ್ರಾಂ ಲೆಕ್ಕ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ತೂಕ ಇಳಿಯುವುದು ನಿಂತರೆ ಹೊರೆ ಒಲೆಗೆ ತಯಾರು. ಮಳೆಗಾಲದಲ್ಲಿ ಅದೇ ಕಡ್ಡಿ ಮತ್ತೆ ತೂಕ ಏರಿಸಿಕೊಳ್ಳುತ್ತದೆ, ಆಗ ಹೊರೆ ಹಂಡೆ ಒಲೆ ಪಕ್ಕಕ್ಕೆ ಹೋಗುತ್ತದೆ.

ಮಗ ಗಾಳಿಯ ಸಣ್ಣ ದೂಳು ಅಳೆಯುವ ಯಂತ್ರ ತಂದು ಕಿಟಕಿಯಲ್ಲಿಟ್ಟಿದ್ದಾನೆ. ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ ದಿನದ ಸರಾಸರಿ 60 ಮೈಕ್ರೋಗ್ರಾಂ. ಹಚ್ಚುವಾಗ ಮತ್ತು ನಡುವೆ ಸೌದೆ ತುಂಬುವಾಗ ಮೂರಂಕಿ ದಾಟುತ್ತದೆ, ಆಮೇಲೆ ಇಳಿಯುತ್ತದೆ. ಇಂಥ ಒಲೆಗಳನ್ನು ‘ಹೊಗೆರಹಿತ’ ಅನ್ನುವುದು ಪೂರ್ತಿ ನಿಜವಲ್ಲ, ಅಲ್ವಾ? ಅದಕ್ಕೆ ಒಂದು ಸಲ ತುಂಬಿದ್ದರಲ್ಲಿ ಮುಗಿಯುವ ಅಡುಗೆ ಮಾತ್ರ ಇದರಲ್ಲಿ. ಸ್ನಾನದ ನೀರಿಗೆ ನಾಲ್ಕಾರು ಸಲ ತುಂಬಬೇಕು, ಅದು ಹಂಡೆ ಒಲೆಗೇ ಸರಿ.

ಒಂದು ಎಚ್ಚರಿಕೆ. ಉಳಿದ ಕೆಂಡವನ್ನು ಬಾಣಂತಿ ಕೋಣೆಗೋ, ಚಳಿಗೆಂದು ಮಲಗುವ ಕೋಣೆಗೋ ಒಯ್ದು ಬಾಗಿಲು ಮುಚ್ಚಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೂಳು ಅಳೆಯುವ ಯಂತ್ರಕ್ಕೂ ಅದು ಗೊತ್ತಾಗುವುದಿಲ್ಲ.

ಹಿತ್ತಲು, ಒಣ ಸೌದೆ, ಕಡ್ಡಿ ಮುರಿಯುವ ತಾಳ್ಮೆ ಇದ್ದರೆ ಕೊಳ್ಳಿ. ಅಪಾರ್ಟ್‌ಮೆಂಟಿನವರು ಬೇಡ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಫ್ಯಾನ್ ಒಂದನ್ನೇ ಬಿಡಿಯಾಗಿ ಮಾರಲು ಶುರು ಮಾಡಿದರೆ ಇನ್ನರ್ಧ ಸೇರಿಸುತ್ತೇನೆ.