ಚಾಲಕನಿಲ್ಲದ ಟ್ಯಾಕ್ಸಿ: ಓಡಿಸೋದು ಚೆನ್ನ, ಇಳಿಸೋದು ಸರಿಯಿಲ್ಲ

ಕಣ್ಣಿನ ತೊಂದರೆಯಿಂದ ನಾನು ಕಾರು ಓಡಿಸುವುದಿಲ್ಲ. ಯಾರನ್ನೂ ಕೇಳದೆ ಹೊರಗೆ ಹೋಗುವುದು ನನಗೆ ದೊಡ್ಡ ವಿಷಯ. ಅದಕ್ಕೇ ಈ ಟ್ಯಾಕ್ಸಿ ತುಂಬಾ ಇಷ್ಟವಾಯಿತು.

ಸ್ಟೇರಿಂಗ್ ತಾನಾಗಿ ತಿರುಗುವಾಗ ಮೊದಮೊದಲು ಎದೆ ಢವಢವ ಅನ್ನುತ್ತದೆ. ಆಮೇಲೆ ರೂಢಿಯಾಗುತ್ತದೆ. ಒಂದು ರಾತ್ರಿ ಹುಡುಗನೊಬ್ಬ ದೀಪವಿಲ್ಲದ ಸೈಕಲ್ ತಳ್ಳಿಕೊಂಡು ರಸ್ತೆಗಿಳಿದ. ನನಗೆ ಕಾಣಿಸುವ ಮೊದಲೇ ಮುಂದಿನ ಪರದೆಯಲ್ಲಿ ಅವನ ಆಕಾರ ಮೂಡಿತ್ತು, ಕಾರು ನಿಧಾನವಾಗಿತ್ತು. ಕ್ಯಾಮೆರಾ, ರೇಡಾರ್ ಜೊತೆಗೆ ಲೇಸರ್‌ನಿಂದ ದೂರ ಅಳೆಯುವ ಲೈಡಾರ್ ಇದೆ, ಅದಕ್ಕೆ ಕತ್ತಲಾದರೂ ಒಂದೇ. ನಿದ್ದೆ, ಕುಡಿತ, ಫೋನು ಯಾವುದರ ಕಾಟವೂ ಇಲ್ಲ.

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. 2018ರಲ್ಲಿ ಅಮೆರಿಕದ ಟೆಂಪಿಯಲ್ಲಿ ಪರೀಕ್ಷೆಗೆ ಬಿಟ್ಟಿದ್ದ ಇಂಥದ್ದೇ ಕಾರು ಮಹಿಳೆಯೊಬ್ಬರಿಗೆ ಬಡಿದು ಅವರು ತೀರಿಕೊಂಡರು. ಅವರೂ ಸೈಕಲ್ ತಳ್ಳಿಕೊಂಡೇ ರಸ್ತೆ ದಾಟುತ್ತಿದ್ದರು. ಎದುರಿಗಿರುವುದು ಏನೆಂದು ಸಾಫ್ಟ್‌ವೇರ್‌ಗೆ ಸರಿಯಾಗಿ ಗುರುತು ಸಿಕ್ಕಿರಲಿಲ್ಲ.

ನನ್ನ ದೂರು ಇಳಿಸುವ ಬಗ್ಗೆ. ಆಸ್ಪತ್ರೆ ಬಾಗಿಲಿಗೆ ಬುಕ್ ಮಾಡಿದರೆ ರಸ್ತೆಯ ಆಚೆ ಬದಿ ನಿಲ್ಲಿಸಿಬಿಟ್ಟಿತು. ವಾಹನಗಳ ನಡುವೆ ನಾನು ದಾಟುವುದು ಹೇಗೆ? ಸಹಾಯದ ಬಟನ್ ಒತ್ತಿದೆ. ಮಾತಾಡಿದವರು ತಾಳ್ಮೆಯಿಂದ ಕೇಳಿಸಿಕೊಂಡರು, ಆದರೆ ಕಾರು ಜರುಗಲಿಲ್ಲ. ಚಾಲಕ ಇದ್ದಿದ್ದರೆ "ಅಣ್ಣಾ, ಸ್ವಲ್ಪ ತಿರುಗಿಸಿಕೊಂಡು ಬನ್ನಿ" ಅಂದರೆ ಆಗುತ್ತಿತ್ತು, ಅಲ್ವಾ? ಬ್ಯಾಗ್ ಎತ್ತಿಕೊಡುವವರೂ ಇಲ್ಲ.

ಓಡಾಟಕ್ಕೆ ಐದಕ್ಕೆ ಐದು, ಇಳಿಸುವುದಕ್ಕೆ ಎರಡು. ರಾತ್ರಿ ಒಂಟಿಯಾಗಿ ಹೋಗುವವರು ಧಾರಾಳವಾಗಿ ಹತ್ತಿ. ನಡೆಯಲು ಕಷ್ಟಪಡುವ ಹಿರಿಯರನ್ನು ಮಾತ್ರ ಸದ್ಯಕ್ಕೆ ಒಬ್ಬರನ್ನೇ ಕಳಿಸಬೇಡಿ.