ಫುಲ್ ಸ್ಟ್ಯಾಕ್ ಸರ್ಟಿಫಿಕೇಟ್ ಅಂತ ದುಡ್ಡು ಕಟ್ಟುವ ಮುಂಚೆ ಓದಿ, ದಾವಣಗೆರೆಯವರು ಮುಖ್ಯವಾಗಿ
ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಯಾಕಂದ್ರೆ ನಾನು ಕಲಿತ ಸೆಂಟರ್‌ನಲ್ಲಿ ಮುಂದಿನ ವಾರ ಹೊಸ ಬ್ಯಾಚ್ ಶುರುವಾಗುತ್ತಿದೆ.

ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ವಿದ್ಯಾನಗರದ ಕಡೆ ಒಂದು ಸೆಂಟರ್, ಹೆಸರು ಹಾಕಲ್ಲ. ಆರು ತಿಂಗಳಲ್ಲಿ ಫುಲ್ ಸ್ಟ್ಯಾಕ್, ಅಂದ್ರೆ ವೆಬ್‌ಸೈಟಿನ ಕಣ್ಣಿಗೆ ಕಾಣುವ ಭಾಗ, ಹಿಂದಿನ ಸರ್ವರ್, ಡೇಟಾಬೇಸ್ ಎಲ್ಲ ಮಾಡೋದು, ಅದಕ್ಕೆ ಬೇಕಾದ ರಿಯಾಕ್ಟ್, ನೋಡ್, ಮಾಂಗೋಡಿಬಿ ಎಲ್ಲ ಕಲಿಸಿ 'ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್' ಕೊಡ್ತೀವಿ ಅಂದರು. ಫೀಸು 54,000. "ಒಟ್ಟಿಗೆ ಬೇಡ ಮೇಡಂ, ತಿಂಗಳಿಗೆ 4,500 ಕಟ್ಟಿ ಸಾಕು." ನನಗೆ ಸಂಬಳ ಇಲ್ಲ ಅಂತ ಅಪ್ಪನ ಆಧಾರ್, ಪ್ಯಾನ್ ತಗೊಂಡರು. ಅಪ್ಪ ಹೊಲದಲ್ಲಿ ಮೆಕ್ಕೆಜೋಳಕ್ಕೆ ಗೊಬ್ಬರ ಹಾಕುತ್ತಿದ್ದರು. ಫೋನ್ ಮಾಡಿ ಓಟಿಪಿ ಕೇಳಿದೆ. ಅವರು ಒಂದೊಂದೇ ಅಂಕಿ ಓದಿದರು, ನಾನು ಕೌಂಟರ್‌ನಲ್ಲಿ ಹಾಗೇ ಹೇಳಿದೆ. ನಾನೇ ಹೇಳಿದೆ!

ಅದು ಫೀಸಿನ ಕಂತಲ್ಲ, ಫೈನಾನ್ಸ್ ಕಂಪನಿಯ ಸಾಲ. ಅಪ್ಪನ ಹೆಸರಿನಲ್ಲಿ. ಸೆಂಟರ್‌ಗೆ ಪೂರ್ತಿ ದುಡ್ಡು ಮೊದಲೇ ಹೋಗಿತ್ತು. "ಇದ್ಯಾವ ಸಾಲದ ಮೆಸೇಜ್ ಬಂದೈತಿ ನೋಡವ್ವಾ" ಅಂತ ಅಪ್ಪ ಫೋನ್ ತೋರಿಸಿದಾಗ ನಾಲ್ಕನೇ ತಿಂಗಳು.

ವೆಬ್ ಪೇಜ್ ಮಾಡುವ ಎಚ್‌ಟಿಎಂಎಲ್, ಸಿಎಸ್‌ಎಸ್ ಪಾಠ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಲ್ಲ. ಆಮೇಲೆ ಸರ್ ಬಿಟ್ಟು ಹೋದರು. ಗೋಡೆಯ ಟಿವಿಯಲ್ಲಿ ಯೂಟ್ಯೂಬ್ ವಿಡಿಯೋ ಹಾಕಿ ಕೂರಿಸಿದರು. ಬ್ಯಾಕೆಂಡ್, ಅಂದ್ರೆ ಸರ್ವರ್ ಕಡೆಯ ಪಾಠ, ಎರಡೇ ವಾರ. ಪ್ರಾಜೆಕ್ಟ್ ಅಂತ ಹದಿನೆಂಟು ಜನಕ್ಕೂ ಒಂದೇ ಜಿಪ್ ಫೈಲ್.

ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದೆ. ಬಂಗಾರದ ಬಣ್ಣದ ಸೀಲ್ ಇದ್ದ ಸರ್ಟಿಫಿಕೇಟ್ ಕೊಟ್ಟೆ. ಅವರು ಮೊಬೈಲ್ ತೆಗೆದು ಮೂಲೆಯಲ್ಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರು. ತೆರೆದುಕೊಂಡಿದ್ದು ಸೆಂಟರ್‌ನ ಇನ್‌ಸ್ಟಾಗ್ರಾಂ ಪೇಜು. ಮೇಲೆಯೇ ನಮ್ಮ ಬ್ಯಾಚಿನ ಫೋಟೋ, ನಾನು ಅದೇ ಸರ್ಟಿಫಿಕೇಟ್ ಹಿಡಿದು ನಗುತ್ತಾ ನಿಂತಿದ್ದೇನೆ. "ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ?" ಅಂದರು. ಉತ್ತರ ಇರಲಿಲ್ಲ. ಆ ಪ್ರಾಜೆಕ್ಟ್ ಕೂಡ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನೋ ಹಳೇ ಟೂಲ್‌ನಲ್ಲಿ ಮಾಡಿದ್ದು. ಹೊಸ ಆ್ಯಪ್ ಮಾಡೋಕೆ ಅದು ಬೇಡ ಅಂತ ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಹೇಳಿದೆಯಂತೆ. ನನಗೆ ಅಲ್ಲೇ ಗೊತ್ತಾಗಿದ್ದು.

ವಾಪಸ್ ಬಂದು ಸೆಂಟರ್‌ನಲ್ಲಿ ಕೇಳಿದೆ.

"ಇಂಟರ್‌ನ್ಯಾಷನಲ್ ಅಂದಿದ್ದು ಸಿಲಬಸ್‌ಗೆ ಮೇಡಂ."

ಕೆಲಸ?

"ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಅಂದಿದ್ವಿ, ಗ್ಯಾರಂಟಿ ಅಂದಿದ್ವಾ?"

ಸಾಲ?

"ಅದು ನಿಮ್ಮ ಮತ್ತು ಫೈನಾನ್ಸ್‌ನವರ ವಿಷಯ. ಸೈನ್ ಮಾಡೋವಾಗ ಓದಬೇಕಿತ್ತು."

ಕೊನೆಗೆ "ನೀವು ಪ್ರಾಕ್ಟೀಸ್ ಮಾಡಿಲ್ಲ, ಬೇರೆಯವರು ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ" ಅಂದರು. ಆ ಮಾತು ಇನ್ನೂ ಚುಚ್ಚುತ್ತಿದೆ. ಒಂದು ದಿನವೂ ಕ್ಲಾಸ್ ತಪ್ಪಿಸಿಲ್ಲ ನಾನು.

ದಯವಿಟ್ಟು, ಸೇರುವ ಮುಂಚೆ ಹಳೇ ಸ್ಟೂಡೆಂಟ್ ಒಬ್ಬರ ಸರ್ಟಿಫಿಕೇಟ್ ಕೇಳಿ, ಅಲ್ಲೇ ಸ್ಕ್ಯಾನ್ ಮಾಡಿ. ಐಬಿಎಂನ ಫುಲ್ ಸ್ಟ್ಯಾಕ್ ಸರ್ಟಿಫಿಕೇಟ್‌ಗೆ ಕೋರ್ಸೆರಾ ಅನ್ನೋ ಆನ್‌ಲೈನ್ ಕೋರ್ಸ್ ವೆಬ್‌ಸೈಟಿನಲ್ಲಿ ನೀವೇ ನೇರವಾಗಿ ಸೇರಬಹುದು, ಅದರ ಲಿಂಕ್ ತೆರೆದರೆ ನಿಮ್ಮ ಹೆಸರೇ ಬರುತ್ತೆ. ಫ್ರೀಕೋಡ್‌ಕ್ಯಾಂಪ್, ಹೆಲ್ಸಿಂಕಿ ವಿಶ್ವವಿದ್ಯಾಲಯದ ಫುಲ್ ಸ್ಟ್ಯಾಕ್ ಓಪನ್ ಎರಡೂ ಫ್ರೀ. ನಾನು ಈಗ ಅದರಲ್ಲೇ ಮೊದಲಿಂದ ಕಲಿಯುತ್ತಿದ್ದೇನೆ. ಕಂತಿಗೆ ಅಂತ ಪ್ಯಾನ್, ಓಟಿಪಿ ಕೇಳಿದರೆ ಎದ್ದು ಬನ್ನಿ, ಅದು ಸಾಲ. ಅಪ್ಪ ಅಮ್ಮನ ಹೆಸರಲ್ಲಂತೂ ಬೇಡವೇ ಬೇಡ. ಕಟ್ಟದೆ ಬಿಟ್ಟರೆ ಅವರ ಸಿಬಿಲ್ ಹಾಳಾಗುತ್ತೆ, ನಾಳೆ ಬೆಳೆ ಸಾಲಕ್ಕೂ ತೊಂದರೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಮ್ಮ ಬ್ಯಾಚಿನ ಉಳಿದ ಹದಿನೇಳು ಜನ ಇದನ್ನು ನೋಡಿದರೆ ಮೆಸೇಜ್ ಮಾಡಿ. ರಸೀದಿ, ಸಾಲದ ಮೆಸೇಜ್, ಅವರ ವಾಟ್ಸಾಪ್ ಚಾಟ್ ಯಾವುದನ್ನೂ ಡಿಲೀಟ್ ಮಾಡಬೇಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಒಟ್ಟಿಗೆ ಹೋಗೋಣ.