ಬಸ್ಸಿನ ಕಂಬಿ ಹಿಡಿದವರನ್ನು ಬಿಡಿಸುವುದು: ಲೂಮಿಸ್, ಬ್ರಿಡ್ಜ್‌ಮನ್, ಗೆಸ್ಚರ್, ಗರಡಿ

ಮನುಷ್ಯರ ಮೈಕಟ್ಟು ಬಿಡಿಸೋದು ಕಲಿಯಬೇಕು ಅಂತ ಹೊರಟವರಿಗೆ ಸಲಹೆಗೇನೂ ಬರವಿಲ್ಲ. ಹಳೇ ಪುಸ್ತಕ ಇಟ್ಟುಕೊಂಡು ನಕಲು ಮಾಡಿ ಅನ್ನುವವರು ಕೆಲವರು. ಫೋಟೋ ಹಾಕಿಕೊಂಡು ಅರ್ಧ ನಿಮಿಷಕ್ಕೊಂದು ಗೀಚಿ ಅನ್ನುವವರು ಇನ್ನು ಕೆಲವರು. ಅದೆಲ್ಲ ಬೇಡ, ಬಸ್ ಸ್ಟ್ಯಾಂಡಿಗೆ ಹೋಗಿ ಕೂತ್ಕೊಳ್ಳಿ ಅನ್ನೋದು ನಮ್ಮ ಕಲಾಶಾಲೆಗಳ ಹಳೇ ಮಾತು. ಎಲ್ಲರೂ ತಮ್ಮದೇ ಸರಿ ಅಂತಾರೆ. ಹಾಗಾಗಿ ಒಂದೊಂದು ದಾರಿಗೂ ಒಂದೊಂದು ಸ್ಕೆಚ್‌ಬುಕ್ ಅಂತ ಇಟ್ಟುಕೊಂಡು, ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಕೂತು ಎಲ್ಲವನ್ನೂ ಮಾಡಿ ನೋಡಿದೆ.

ಹೋಲಿಸೋಕೆ ಒಂದು ಅಳತೆ ಬೇಕಲ್ವಾ? ನಾನಿಟ್ಟುಕೊಂಡ ಪರೀಕ್ಷೆ ಒಂದೇ. ಪುಸ್ತಕ, ಫೋನ್ ಎರಡನ್ನೂ ಮುಚ್ಚಿಟ್ಟು, ಸಿಟಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತ ಒಬ್ಬರನ್ನು ಮನಸ್ಸಿನಿಂದ ಬಿಡಿಸುವುದು. ಅದೂ ಬಾಲ್‌ಪೆನ್ನಿನಲ್ಲಿ. ಪೆನ್ಸಿಲ್, ರಬ್ಬರ್ ಇದ್ದರೆ ಉಜ್ಜುತ್ತಲೇ ಹೊತ್ತು ಹೋಗುತ್ತದೆ.

ದಿನಾ ನೋಡುವ ಭಂಗಿ ಇದು. ಬಿಡಿಸೋಕೆ ಕೂತಾಗ ಮಾತ್ರ ಅದರ ಕಷ್ಟ ಗೊತ್ತಾಗೋದು. ಕಲಿಯುವವರ ಚಿತ್ರ ನೋಡಿ: ಭುಜ ಕೈ ಇಳಿಬಿಟ್ಟಾಗ ಎಲ್ಲಿರುತ್ತೋ ಅಲ್ಲೇ ಇರುತ್ತದೆ, ತೋಳು ಮಾತ್ರ ಅಲ್ಲಿಂದ ಮೇಲಕ್ಕೆ ಎದ್ದಿರುತ್ತದೆ. ನಿಜವಾದ ಮೈ ಹಾಗೆ ಕೆಲಸ ಮಾಡೋದಿಲ್ಲ. ಕನ್ನಡಿ ಮುಂದೆ ನಿಂತು, ಎಡಗೈ ಬೆರಳನ್ನು ಬಲಗಡೆಯ ಕಾಲರ್ ಬೋನ್ ಮೇಲಿಟ್ಟು, ಬಲಗೈಯನ್ನು ನಿಧಾನವಾಗಿ ಎತ್ತಿ. ಮೂಳೆಯ ಹೊರತುದಿ ಬೆರಳಿನ ಕೆಳಗೇ ಮೇಲಕ್ಕೆದ್ದು ಹಿಂದಕ್ಕೆ ಸರಿಯುತ್ತದೆ. ಬೆನ್ನಿನಲ್ಲಿ ಹೆಗಲಿನ ಹಲಗೆ ಮೂಳೆ ತಿರುಗಿ, ಅದರ ಕೆಳತುದಿ ಕಂಕುಳ ಕಡೆಗೆ ಬರುತ್ತದೆ. ಕೈಯನ್ನು ಪೂರ್ತಿ ಮೇಲೆತ್ತಿದರೆ 180 ಡಿಗ್ರಿ. ಅದರಲ್ಲಿ ಭುಜದ ಕೀಲಿನಿಂದ ಸಿಗೋದು ಸುಮಾರು 120. ಉಳಿದ 60 ಈ ಹಲಗೆ ಮೂಳೆಯ ತಿರುಗುವಿಕೆಯಿಂದ. ಅಂದರೆ ಕೈ ಎತ್ತೋದು ಅಂದರೆ ಇಡೀ ಹೆಗಲು ಕಿವಿಯ ಹತ್ತಿರಕ್ಕೆ ಹೋಗೋದು. ಇದನ್ನು ಯಾವ ದಾರಿ ಕಲಿಸುತ್ತೆ, ಯಾವುದು ಕಲಿಸಲ್ಲ ಅನ್ನೋದೇ ನನ್ನ ಹೋಲಿಕೆ.

ಮೊದಲು ಲೂಮಿಸ್. ಆಂಡ್ರ್ಯೂ ಲೂಮಿಸ್ ಅಮೆರಿಕದ ಜಾಹೀರಾತು ಮತ್ತು ಪತ್ರಿಕೆಗಳ ಚಿತ್ರಕಾರ. ದೇಹ ಬಿಡಿಸುವುದರ ಬಗ್ಗೆ 1943ರಲ್ಲಿ ಬಂದ ಅವರ ಪುಸ್ತಕವನ್ನು ಈಗಲೂ ಜನ ಹುಡುಕಿ ಓದುತ್ತಾರೆ. ತಲೆಯೇ ಅಳತೆಗೋಲು. ಆದರ್ಶದ ಆಳು 8 ತಲೆ ಎತ್ತರ, ನಮ್ಮ ನಿಮ್ಮಂಥವರು ಏಳೂವರೆಯ ಆಸುಪಾಸು. ಎದೆ ಎರಡನೇ ತಲೆಗೆ, ಹೊಕ್ಕುಳು ಮೂರನೆಯದಕ್ಕೆ, ತೊಡೆಸಂದು ನಾಲ್ಕನೆಯದಕ್ಕೆ. ಅಲ್ಲಿಗೆ ಅರ್ಧ ಎತ್ತರ ಮುಗಿಯಿತು. ಆಮೇಲೆ ಡಬ್ಬ, ಉರುಳೆಗಳಿಂದ ಒಂದು ಗೊಂಬೆ ಕಟ್ಟುವುದು.

ಬೇಗ ಫಲ ಕೊಡುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಮೊದಲ ವಾರಗಳಲ್ಲೇ ತಲೆ ದೊಡ್ಡದು ಕಾಲು ಚಿಕ್ಕದು ಅನ್ನುವ ಕಾಟ ತಪ್ಪಿತು. ಇನ್ನೊಂದು ಉಪಾಯವಂತೂ ಗುಂಪು ಬಿಡಿಸೋಕೆ ಚಿನ್ನದಂಥದ್ದು. ಸಮನೆಲದಲ್ಲಿ ನಿಂತ ಒಬ್ಬರ ಸೊಂಟಕ್ಕೆ ಕಣ್ಣಿನ ಮಟ್ಟದ ಗೆರೆ ತಾಗಿದರೆ, ಅಷ್ಟೇ ಎತ್ತರದ ಎಲ್ಲರ ಸೊಂಟಕ್ಕೂ ಅದೇ ಗೆರೆ ತಾಗುತ್ತದೆ, ಅವರು ಹತ್ತಿರವಿರಲಿ ದೂರವಿರಲಿ. ಬಸ್ಸಿನೊಳಗಿನ ಜನ ಇದರಿಂದಲೇ ನೆಲಕ್ಕೆ ಕಾಲೂರಿ ನಿಂತರು.

ಆದರೆ ನನ್ನ ಪರೀಕ್ಷೆಯಲ್ಲಿ ಲೂಮಿಸ್ ಗೊಂಬೆಯ ಭುಜ ಒಂದು ನೇರ ಪಟ್ಟಿಯಾಗಿಯೇ ಉಳಿಯಿತು. ಎತ್ತಿದ ಕೈ ಅದಕ್ಕೆ ಸಿಕ್ಕಿಸಿದ ಕೋಲಿನ ಹಾಗಿತ್ತು. ಜೊತೆಗೆ ಪ್ರಯಾಣಿಕರೆಲ್ಲ 1940ರ ದಶಕದ ಅಮೆರಿಕನ್ ಜಾಹೀರಾತಿನ ಮಾಡೆಲ್‌ಗಳು! ಉದ್ದ ಕಾಲು, ಅಗಲ ಭುಜ, ಹೊಟ್ಟೆಯೇ ಇಲ್ಲ. ನಮ್ಮ ಸಿಟಿ ಬಸ್ಸಲ್ಲಿ ಅಂಥವರು ಎಲ್ಲಿ ಸಿಗ್ತಾರೆ?

ಇಲ್ಲೊಂದು ಮಾತು. ನಮ್ಮ ಶಿಲ್ಪಿಗಳ ನವತಾಳದ ಲೆಕ್ಕವೂ ಇಂಥದ್ದೇ. 12 ಅಂಗುಲಕ್ಕೆ ಒಂದು ತಾಳ, ಒಂಬತ್ತು ತಾಳಕ್ಕೆ 108 ಅಂಗುಲ. ತೊಡೆಗೆ ಎರಡು ತಾಳ, ಮೊಣಕಾಲಿನ ಕೆಳಗೆ ಎರಡು ತಾಳ. ಲೂಮಿಸ್‌ನ ಎಂಟು ತಲೆಯ ಪಕ್ಕಕ್ಕೆ ಇದನ್ನಿಟ್ಟು "ನಮ್ಮದು ಒಂದು ಜಾಸ್ತಿ" ಅನ್ನುವವರನ್ನು ಕಂಡಿದ್ದೇನೆ. ಅಲ್ಲಿ ತಾಳ ಅಂದರೆ ಮುಖದ ಅಳತೆ, ನೆತ್ತಿವರೆಗಿನ ಪೂರ್ತಿ ತಲೆಯಲ್ಲ. ಹಾಗಾಗಿ ಎರಡನ್ನೂ ನೇರ ಹೋಲಿಸೋಕೆ ಬರಲ್ಲ. ಎರಡೂ ಆದರ್ಶದ ಮೈಗೆ ಇಟ್ಟ ಲೆಕ್ಕ, ಸಂಜೆ ಆರರ ಬಸ್ಸಿಗೆ ಓಡುವವರಿಗಲ್ಲ.

ಇನ್ನು ಬ್ರಿಡ್ಜ್‌ಮನ್. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ದಶಕಗಟ್ಟಲೆ ಪಾಠ ಮಾಡಿದ ಮೇಷ್ಟ್ರು ಇವರು. ಸ್ವತಃ ಲೂಮಿಸ್ ಇವರ ಹತ್ತಿರ ಕಲಿತವರು. ಗುರು ಶಿಷ್ಯರ ದಾರಿ ಇಷ್ಟು ಬೇರೆಯಾಗಬಹುದಾ ಅಂತ ಆಶ್ಚರ್ಯವಾಗುತ್ತದೆ. ಲೂಮಿಸ್ ಎಲ್ಲವನ್ನೂ ಅಚ್ಚುಕಟ್ಟಾಗಿ ಅಳೆದು ಕೊಡುತ್ತಾರೆ. ಬ್ರಿಡ್ಜ್‌ಮನ್ ಅಳತೆಯ ತಂಟೆಗೆ ಜಾಸ್ತಿ ಹೋಗೋದೇ ಇಲ್ಲ. ಅವರ ಕಣ್ಣಿಗೆ ದೇಹ ಅಂದರೆ ಒಂದರೊಳಗೊಂದು ನಾಟಿಕೊಂಡ ಬೆಣೆಗಳು. ಎದೆಯ ಡಬ್ಬ, ಸೊಂಟದ ಡಬ್ಬ, ನಡುವೆ ತಿರುಚುವ ಹೊಟ್ಟೆ. ಭುಜದ ಮೇಲಿನ ಸ್ನಾಯು ಬೆಣೆಯಾಗಿ ರಟ್ಟೆಯ ಸ್ನಾಯುಗಳ ನಡುವೆ ಇಳಿಯುತ್ತದೆ, ರಟ್ಟೆ ಮುಂಗೈಯೊಳಕ್ಕೆ ಇಳಿಯುತ್ತದೆ. 1920ರ ಅವರ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಮೊದಮೊದಲು ತಲೆ ಕೆಡುತ್ತೆ. ಗೆರೆ ಒರಟು, ನೆರಳು ದಟ್ಟ, ಕೆಲವು ಚಿತ್ರಗಳಲ್ಲಿ ಮುಂದೆ ಯಾವುದು ಹಿಂದೆ ಯಾವುದು ಅಂತಲೇ ತಿಳಿಯಲ್ಲ. ಸುಮ್ನೆ ನಕಲು ಮಾಡಿದರೆ ಕೈ ಓಡುತ್ತದೆ, ತಲೆ ಮಲಗಿರುತ್ತದೆ. ಉಪಯೋಗಕ್ಕೆ ಬಂದದ್ದು ಮೂರು ಹಂತದ ಅಭ್ಯಾಸ. ಹೆಗಲಿನ ಒಂದು ಚಿತ್ರ ನಕಲು ಮಾಡೋದು. ಆಮೇಲೆ ಅದೇ ಹೆಗಲನ್ನು ಇನ್ನೊಂದು ಮಗ್ಗುಲಿನಿಂದ, ಪುಸ್ತಕ ನೋಡದೆ ಬಿಡಿಸೋದು. ಆಮೇಲೆ ಅಂಗಿ ಬಿಚ್ಚಿ ಕನ್ನಡಿ ಮುಂದೆ ಅದೇ ಭಂಗಿಯಲ್ಲಿ ನಿಂತು ತಾಳೆ ನೋಡೋದು. ಎರಡನೇ ಹಂತದಲ್ಲಿ ಗೊತ್ತಿಲ್ಲದ್ದೆಲ್ಲ ಬಯಲಾಗುತ್ತದೆ. ಕಂಕುಳನ್ನೇ ತಗೊಳ್ಳಿ. ಅದು ಬರೀ ಗುಳಿಯಲ್ಲ, ಅದಕ್ಕೆ ಎರಡು ಗೋಡೆ ಇವೆ. ಮುಂದಿನ ಗೋಡೆ ಎದೆಯ ಸ್ನಾಯು, ಹಿಂದಿನದು ಬೆನ್ನಿನಿಂದ ಬರುವ ಅಗಲ ಸ್ನಾಯು. ಎರಡೂ ತೋಳಿನ ಮೂಳೆಗೇ ಬಂದು ಅಂಟುತ್ತವೆ. ಕೈ ಎತ್ತಿದಾಗ ಎರಡೂ ಪರದೆಯ ಹಾಗೆ ಮೇಲಕ್ಕೆ ಎಳೆದುಕೊಳ್ಳುತ್ತವೆ. ಇದು ತಿಳಿದ ಮೇಲೆ ಎತ್ತಿದ ಕೈ ಮೈಗೆ ಸೇರಿಕೊಂಡಿತು. ಲೂಮಿಸ್‌ನಲ್ಲಿ ಆಗದ್ದು ಇಲ್ಲಿ ಆಯಿತು.

ಇದರಲ್ಲೂ ತೊಂದರೆ ಇಲ್ಲ ಅಂತಲ್ಲ. ಹೊತ್ತು ಬಹಳ ಹಿಡಿಯುತ್ತದೆ. ಬ್ರಿಡ್ಜ್‌ಮನ್ ಚಾಳಿ ಹತ್ತಿದರೆ ಬಸ್ಸಿನ ಅಜ್ಜಿಯೂ ಪೈಲ್ವಾನಳಾಗುತ್ತಾಳೆ.

ವೈದ್ಯಕೀಯ ವಿದ್ಯಾರ್ಥಿಗಳ ಅನಾಟಮಿ ಪುಸ್ತಕಗಳಿಂದಲೂ ಸ್ವಲ್ಪ ಕಾಲ ಕಲಿತೆ. 1858ರ ಹೆನ್ರಿ ಗ್ರೇ ಅವರ ಪ್ರಸಿದ್ಧ ಪುಸ್ತಕದ ಚಿತ್ರಗಳನ್ನು ಬರೆದದ್ದು ಹೆನ್ರಿ ವ್ಯಾಂಡೈಕ್ ಕಾರ್ಟರ್ ಅನ್ನುವ ಡಾಕ್ಟರ್. ಆತ ಅದೇ ವರ್ಷ ಮುಂಬೈಗೆ ಬಂದು ಮುಂದಿನ ಕೆಲಸವನ್ನೆಲ್ಲ ಹೆಚ್ಚಾಗಿ ಇಲ್ಲೇ ಮಾಡಿದರು ಅನ್ನೋದು ಖುಷಿಯ ವಿಷಯ. ಚಿತ್ರಗಳೇನೋ ಚೆಂದ. ಆದರೆ ಇಂಥ ಪುಸ್ತಕಗಳಲ್ಲಿ ದೇಹ ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಅಂಗೈ ಮುಂದೆ ಮಾಡಿರುತ್ತದೆ. ಹಾಗೆ ಯಾರೂ ಬಸ್ಸಲ್ಲಿ ನಿಲ್ಲಲ್ಲ. 600ಕ್ಕೂ ಹೆಚ್ಚು ಸ್ನಾಯುಗಳಲ್ಲಿ ಚರ್ಮದ ಮೇಲೆ ಆಕಾರ ತೋರೋದು ಸ್ವಲ್ಪವೇ. ಸ್ನಾಯುವಿನ ಹೆಸರು, ಅದು ಎಲ್ಲಿ ಶುರುವಾಗಿ ಎಲ್ಲಿ ಅಂಟುತ್ತದೆ ಅನ್ನೋದು ಬೇಕಾದಾಗ ತೆಗೆದು ನೋಡೋಕೆ ಸರಿ, ದಿನದ ಅಭ್ಯಾಸಕ್ಕಲ್ಲ.

ಈಗ ಎಲ್ಲರೂ ಮೊದಲು ಹೇಳುವ ಗೆಸ್ಚರ್, ಅಂದರೆ ಭಂಗಿಯನ್ನು ಸರಸರ ಗೀಚಿ ಹಿಡಿಯುವ ಅಭ್ಯಾಸ. ಲೈನ್ ಆಫ್ ಆ್ಯಕ್ಷನ್ ತರದ ವೆಬ್‌ಸೈಟ್ ತೆರೆದು, 30 ಸೆಕೆಂಡ್, ಒಂದು ನಿಮಿಷ, ಎರಡು ನಿಮಿಷ ಅಂತ ಟೈಮರ್ ಇಟ್ಟರೆ ಫೋಟೋಗಳು ತಾವೇ ಬದಲಾಗುತ್ತವೆ. ಅಂಗಾಂಗ ಬಿಟ್ಟು ಇಡೀ ಮೈಯ ಓಟ ಹಿಡಿಯೋದು ಗುರಿ. ಕಂಬಿ ಹಿಡಿದವರಲ್ಲಿ ಆ ಓಟ ಹಿಮ್ಮಡಿಯಿಂದ ಹೊರಟು, ಭಾರ ಹೊತ್ತ ಕಾಲು, ಎದ್ದ ಸೊಂಟ, ಚಾಚಿದ ಪಕ್ಕೆ ದಾಟಿ ಬೆರಳ ತುದಿಗೆ ಹೋಗುತ್ತದೆ. ಇದನ್ನು ಕಾಣೋಕೆ ಕಲಿಸಿದ್ದು ಗೆಸ್ಚರೇ.

ಆದರೂ ಇದಕ್ಕೆ ಸಿಗುವ ಹೊಗಳಿಕೆ ಜಾಸ್ತಿಯಾಯಿತು ಅನ್ನೋದು ನನ್ನ ಅಭಿಪ್ರಾಯ. ಹಾಳೆಗಳು ಸರಸರ ತುಂಬುತ್ತವೆ, ಕೆಲಸ ಆದ ಹಾಗೆ ಅನಿಸುತ್ತದೆ. ಆ ಓಟದ ಗೆರೆಯೊಳಗೆ ಏನಿದೆ ಅಂತ ಕೇಳಿದರೆ ಉತ್ತರವಿಲ್ಲ. ನನ್ನ ಪರೀಕ್ಷೆಯಲ್ಲಿ ಗೆಸ್ಚರ್ ಸ್ಕೆಚ್‌ಬುಕ್ ಮುಗಿಸಿದ ಮೇಲೆ ಬಂದ ಚಿತ್ರಕ್ಕೆ ಜೀವ ಇತ್ತು, ಹೆಗಲು ಮಾತ್ರ ಊಹೆಯದು. ಫೋಟೋ ಸುತ್ತ ತಿರುಗಿ ಬೆನ್ನು ನೋಡೋಕೂ ಆಗಲ್ಲ. ಕೈ ಬಿಸಿ ಮಾಡೋಕೆ ಐದು ಹತ್ತು ನಿಮಿಷ ಸಾಕು.

ವಿಡಿಯೋಗಳ ಮಾತು ಬೇಗ ಮುಗಿಸುತ್ತೇನೆ. ಯೂಟ್ಯೂಬಿನ ಪ್ರೊಕೊ ಚಾನೆಲ್‌ನಲ್ಲಿ ಎದೆ ಮತ್ತು ಸೊಂಟವನ್ನು ಎರಡು ಉಂಡೆ ಮಾಡಿ ಸೇರಿಸುವ ಪಾಠ ಬಹಳ ಚೆನ್ನಾಗಿದೆ, ಬ್ರಿಡ್ಜ್‌ಮನ್ ಕಬ್ಬಿಣದ ಕಡಲೆ ಅನಿಸಿದವರಿಗೆ ಒಳ್ಳೇ ಮೆಟ್ಟಿಲು. ನೋಡಿದಷ್ಟೇ ಹೊತ್ತು ಪೆನ್ನು ಹಿಡಿದರೆ ಮಾತ್ರ.

ಉಳಿದದ್ದು ಜೀವಂತ ಜನ. ನಮ್ಮಲ್ಲಿ ಬೆತ್ತಲೆ ಮಾಡೆಲ್ ಸಿಗೋದು ಕಷ್ಟ, ಅದನ್ನು ಮನೆಯಲ್ಲಿ ಹೇಳೋದು ಇನ್ನೂ ಕಷ್ಟ. ಹಾಗಾಗಿ ಬಸ್ ಸ್ಟ್ಯಾಂಡ್. ಇಲ್ಲಿ ಕಲಿಯೋದು ಬಟ್ಟೆಯ ಅನಾಟಮಿ. ಕೈ ಎತ್ತಿದ ಕಡೆ ಅಂಗಿ ಪ್ಯಾಂಟಿನಿಂದ ಕಳಚಿಕೊಂಡು ಮೇಲೆ ಬರುತ್ತದೆ, ನಿರಿಗೆಗಳೆಲ್ಲ ಭುಜದ ಕಡೆಗೆ ಓಡುತ್ತವೆ. ನಿಂತವರು ಅಲ್ಲಾಡುತ್ತಲೇ ಇರುತ್ತಾರೆ ನಿಜ, ಆದರೆ ಕಾಯುವ ಮನುಷ್ಯ ಎರಡು ಮೂರು ಭಂಗಿಗಳಲ್ಲೇ ಸುತ್ತುತ್ತಾನೆ. ಒಂದು ಹಾಳೆಯಲ್ಲಿ ಮೂರೂ ಶುರುಮಾಡಿಟ್ಟರೆ ಅವರು ತಾವೇ ಮತ್ತೆ ಆ ಭಂಗಿಗೆ ಬರುತ್ತಾರೆ. "ಏನ್ ಬರೀತಿದೀರಾ, ನಂದಾ?" ಅಂತ ಬಂದು ನಿಂತವರೂ ಚಿತ್ರ ತೋರಿಸಿದ ಮೇಲೆ ನೆಟ್ಟಗೆ ಪೋಸು ಕೊಟ್ಟುಬಿಡುತ್ತಾರೆ. ಅಲ್ಲಿಗೆ ಆ ಚಿತ್ರದ ಕಥೆ ಮುಗೀತು. ಅನಾಟಮಿ ಏನೂ ಗೊತ್ತಿಲ್ಲದೆ ಇಲ್ಲಿಗೆ ಬಂದರೆ ಬಟ್ಟೆಯ ಮೂಟೆಗಳನ್ನು ಬಿಡಿಸಿಕೊಂಡು ಮನೆಗೆ ಹೋಗಬೇಕಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಮೈಸೂರಿನ ಗರಡಿ. ಉಸ್ತಾದರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಮೂಲೆಯಲ್ಲಿ ಸದ್ದಿಲ್ಲದೆ ಕೂತರೆ ಯಾರೂ ಬೇಡ ಅನ್ನಲಿಲ್ಲ. ಸಾಮು ಮಾಡುವವರ ದೊಡ್ಡ ಉಪಕಾರ ಏನು ಅಂದರೆ, ಒಂದೇ ಚಲನೆ ಮತ್ತೆ ಮತ್ತೆ ಬರುತ್ತದೆ. ಗದೆ ತಿರುಗಿಸುವವರ ಬೆನ್ನ ಹಿಂದೆ ಕೂತು ನೋಡಿ. ಗದೆ ತಲೆಯ ಹಿಂದಕ್ಕೆ ಇಳಿಯುವಾಗ ಮೊಣಕೈ ಆಕಾಶ ನೋಡುತ್ತದೆ, ಹಲಗೆ ಮೂಳೆಯ ತುದಿ ಪಕ್ಕೆಯ ಕಡೆಗೆ ಜಾರಿ ಚರ್ಮದಡಿ ಉಬ್ಬುತ್ತದೆ. ಗದೆ ಮುಂದೆ ಬಂದಾಗ ಅದು ವಾಪಸ್ ಬೆನ್ನುಮೂಳೆಯ ಹತ್ತಿರ. ಮೊದಲ ಸುತ್ತಿನಲ್ಲಿ ಬೆನ್ನಿನ ಗೆರೆ, ಎರಡನೆಯದರಲ್ಲಿ ಹಲಗೆ ಮೂಳೆ, ಮೂರನೆಯದರಲ್ಲಿ ಕಂಕುಳ ಹಿಂದಿನ ಗೋಡೆ, ಹೀಗೆ ಕಂತಿನಲ್ಲಿ ಬಿಡಿಸಬಹುದು. ಬ್ರಿಡ್ಜ್‌ಮನ್‌ನ ಬೆಣೆಗಳು ಇಲ್ಲಿ ಬೆವರುತ್ತಾ ಓಡಾಡುತ್ತವೆ. ಕೊರತೆ ಎರಡು: ನಸುಕಿಗೇ ಏಳಬೇಕು, ಮತ್ತೆ ಅಲ್ಲಿ ಹೊಟ್ಟೆ ಬಂದ ಮೈ ಅಪರೂಪ. ಸ್ಕೆಚ್‌ಬುಕ್ಕಿಗೆ ಮೆತ್ತುವ ಮಟ್ಟಿಯ ಕೆಂಪು ಮಣ್ಣಿನ ಲೆಕ್ಕ ಬೇರೆ.

ಬೇಲೂರಿಗೂ ಹೋದೆ, ಮದನಿಕೆಯರನ್ನು ಬಿಡಿಸೋಕೆ. ತ್ರಿಭಂಗದಲ್ಲಿ ಸೊಂಟ ಒಂದು ಕಡೆ, ಎದೆ ಇನ್ನೊಂದು ಕಡೆ ವಾಲೋದನ್ನು ಅಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳಲ್ಲ. ಹೆಗಲಿನ ಮೂಳೆ ಮಾತ್ರ ಅಲ್ಲಿ ಹುಡುಕಬೇಡಿ, ಹೊಯ್ಸಳ ಶಿಲ್ಪಿಗೆ ಅದು ಬೇಕಿರಲಿಲ್ಲ. ಸೂರಿನ ಕೆಳಗೆ ಎತ್ತರದಲ್ಲಿ ವಾಲಿಸಿ ನಿಲ್ಲಿಸಿರುವುದರಿಂದ ಕತ್ತೂ ನೋಯುತ್ತದೆ.

ಈಗ ತೀರ್ಪು. ಎತ್ತಿದ ಕೈಯ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬ್ರಿಡ್ಜ್‌ಮನ್ ಮತ್ತು ಗರಡಿಯ ಜೋಡಿಗೆ. ಒಂದೇ ವಾರದಲ್ಲಿ ಪುಸ್ತಕದಲ್ಲೂ ಹೆಗಲು, ಗರಡಿಯಲ್ಲೂ ಹೆಗಲು. ವಾರ ಬದಲಾದರೆ ಅಂಗ ಬದಲಾಗಲಿ. ಒಂದರಿಂದ ಇನ್ನೊಂದು ಅರ್ಥವಾಗುತ್ತದೆ, ಬಿಡಿಬಿಡಿಯಾಗಿ ಎರಡೂ ಅರ್ಧಂಬರ್ಧ. ಗರಡಿ ಹತ್ತಿರದಲ್ಲಿ ಇಲ್ಲದವರಿಗೆ, ಒಳಗೆ ಹೋಗಿ ಕೂರೋಕೆ ಆಗದ ಹೆಣ್ಣುಮಕ್ಕಳಿಗೆ ಕನ್ನಡಿ ಇದೆ, ಈಜುಕೊಳ ಇದೆ, ಮನೆಯವರ ಬೆನ್ನಿದೆ. ಪೆನ್ನೇ ಹಿಡಿಯದವರು ಮಾತ್ರ ಬ್ರಿಡ್ಜ್‌ಮನ್‌ನಿಂದ ಶುರು ಮಾಡಬೇಡಿ. ಲೂಮಿಸ್ ಗೊಂಬೆ ನೆಟ್ಟಗೆ ನಿಲ್ಲುವವರೆಗೆ ಅಲ್ಲೇ ಇದ್ದು, ನಿಂತ ತಕ್ಷಣ ಅದನ್ನು ಬಿಡಿ.

ಬರೀ ಮುಖ ಬಿಡಿಸಿದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಲೂಮಿಸ್ ಹೇಳುವ, ಎರಡೂ ಪಕ್ಕ ಕತ್ತರಿಸಿದ ಚೆಂಡಿನ ತಲೆ ಮತ್ತು ಕಿವಿಯ ಹಿಂದಿನಿಂದ ಕೊರಳ ಗುಂಡಿಗೆ ಇಳಿಯುವ ಆ ಎರಡು ಸ್ನಾಯು, ಇಷ್ಟರಲ್ಲೇ ಬಹಳ ದೂರ ಹೋಗಬಹುದು.